ಸಂತ ಥಾಮಸ್ ಮೋರ್: ಮೇಲೆ ನ್ಯಾಯಾಧೀಶರ ನಿಲುವಂಗಿ, ಒಳಗೆ ಕೂದಲಿನ ಅಂಗಿ



ಕಳೆದ ವರ್ಷ ಸಕಲ ಸಂತರ ಹಬ್ಬದಂದು ನಮ್ಮ ಧರ್ಮೋಪದೇಶದ ಮಕ್ಕಳಿಗೆ ಸಂತರ ವೇಷ ಹಾಕಿಸಿದ್ದೆವು. ಸಂತ ಅಂತೋಣಿಯವರು ನಾಲ್ಕು ಮಂದಿ, ಪುಟ್ಟ ತೆರೇಜಮ್ಮ ಆರು ಮಂದಿ ಬಂದರು. ಒಬ್ಬ ಹುಡುಗ ಮಾತ್ರ ವಕೀಲರ ಕಪ್ಪು ಗೌನು ತೊಟ್ಟು, ತಲೆಗೆ ಹತ್ತಿಯಿಂದ ಮಾಡಿದ ಬಿಳಿ ಟೋಪನ್ನು ಅಂಟಿಸಿಕೊಂಡು ಬಂದು, ತಾನು ಸಂತ ಥಾಮಸ್ ಮೋರ್ ಎಂದ. ನಾವೆಲ್ಲ ಚಪ್ಪಾಳೆ ತಟ್ಟಿ ಅವನಿಗೆ ಎರಡನೇ ಬಹುಮಾನ ಕೊಟ್ಟೆವು. ಆಮೇಲೆ ಈ ಸಂತರ ಜೀವನವನ್ನು ಸರಿಯಾಗಿ ಓದಿದಾಗ ಗೊತ್ತಾಯಿತು, ಆ ಟೋಪನ್ನು ಅವರು ಕಂಡೇ ಇರಲಿಲ್ಲ. ಇಂಗ್ಲೆಂಡಿನ ನ್ಯಾಯಾಧೀಶರು ಕೃತಕ ಕೂದಲಿನ ಟೋಪನ್ ಹಾಕಿಕೊಳ್ಳಲು ಶುರುಮಾಡಿದ್ದು ಹದಿನೇಳನೇ ಶತಮಾನದ ಕೊನೆಯ ಭಾಗದಲ್ಲಿ. ಥಾಮಸ್ ಮೋರ್ ತಲೆ ಕೊಟ್ಟದ್ದು 1535ರಲ್ಲಿ. ಅವರ ಕಾಲದ ನ್ಯಾಯಾಧೀಶರ ವಿಶೇಷ ಉಡುಪು ಕಡುಗೆಂಪು ಬಣ್ಣದ ನಿಲುವಂಗಿ. ಅದರ ಅಂಚಿಗೂ ಒಳಗೂ ಮೃದುವಾದ ತುಪ್ಪಳ.

ತಪ್ಪು ನಮ್ಮದೇ, ಹುಡುಗನದಲ್ಲ. ಆದರೆ ಆ ತಪ್ಪಿನಿಂದ ಒಂದು ಒಳ್ಳೆಯದಾಯಿತು. ಈ ಸಂತರ ಬದುಕನ್ನು ಓದುತ್ತಾ ಹೋದ ಹಾಗೆ, ಅದರಲ್ಲಿ ಮತ್ತೆ ಮತ್ತೆ ಬಟ್ಟೆಯ ಮಾತೇ ಬರುವುದನ್ನು ಕಂಡೆವು. ನಿಲುವಂಗಿ, ಚಿನ್ನದ ಸರ, ಟೋಪಿ, ಕೂದಲಿನ ಅಂಗಿ. ಜೂನ್ 22ಕ್ಕೆ ಅವರ ಹಬ್ಬ. ಅದಕ್ಕಾಗಿ ಅವರ ಕತೆಯನ್ನು ಈ ಸಲ ಇಲ್ಲಿ ಬರೆಯುತ್ತಿದ್ದೇವೆ.

ಥಾಮಸ್ ಮೋರ್ ಹುಟ್ಟಿದ್ದು ಲಂಡನ್ ನಗರದ ಮಿಲ್ಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ, 1478ರ ಫೆಬ್ರವರಿಯಲ್ಲಿ. ತಂದೆ ಜಾನ್ ಮೋರ್ ವಕೀಲರು, ಮುಂದೆ ನ್ಯಾಯಾಧೀಶರಾದವರು. ಹುಡುಗನಿಗೆ ಹನ್ನೆರಡು ವರ್ಷ ಆಗುವ ಹೊತ್ತಿಗೆ ಅವನನ್ನು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಜಾನ್ ಮಾರ್ಟನ್ ಅವರ ಮನೆಗೆ ಸೇವೆಗೆ ಕಳಿಸಿದರು. ಊಟದ ಮೇಜಿನ ಬಳಿ ನಿಂತು ಬಡಿಸುವುದು, ದೊಡ್ಡವರ ಮಾತು ಕೇಳುವುದು, ಹಾಗೆಯೇ ಕಲಿಯುವುದು, ಆ ಕಾಲದ ಪದ್ಧತಿ ಅದು. ನಂತರ ಎರಡು ವರ್ಷ ಆಕ್ಸ್‌ಫರ್ಡ್. ಅಲ್ಲಿ ಗ್ರೀಕ್, ಲತೀನ್ ಓದುವ ಆಸೆ ಹತ್ತಿತು. ತಂದೆಗೆ ಮಗ ವಕೀಲನಾಗಬೇಕು. ಮಗ ಲಂಡನ್ನಿಗೆ ಮರಳಿ 1496ರಲ್ಲಿ ಲಿಂಕನ್ಸ್ ಇನ್ ಎಂಬ ಕಾನೂನು ಕಲಿಕೆಯ ಸಂಸ್ಥೆ ಸೇರಿದ.

ಓದು ಮುಗಿದ ಮೇಲೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಲಂಡನ್ನಿನ ಕಾರ್ತೂಸಿಯನ್ ಸನ್ಯಾಸಿಗಳ ಮಠದ ಬಳಿ ಸುಮಾರು ನಾಲ್ಕು ವರ್ಷ ಇದ್ದು ಅವರ ಪ್ರಾರ್ಥನೆ, ಉಪವಾಸಗಳಲ್ಲಿ ಭಾಗವಹಿಸಿದರು. ಸನ್ಯಾಸಿಯಾಗಲೇ, ಸಂಸಾರಿಯಾಗಲೇ ಎಂಬ ತೊಳಲಾಟ. ನಮ್ಮ ಸಂಘದ ಎಷ್ಟೋ ಜನ ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನಲ್ಲಿ ಹೀಗೆಯೇ ತೊಳಲಾಡುವುದನ್ನು ಕಂಡಿದ್ದೇವೆ, ನಾವೂ ತೊಳಲಾಡಿದ್ದೇವೆ. ಕೊನೆಗೆ ಅವರು ಮದುವೆಯ ದಾರಿ ಹಿಡಿದರು. 1505ರಲ್ಲಿ ಜೇನ್ ಕೋಲ್ಟ್ ಎಂಬಾಕೆಯನ್ನು ಮದುವೆಯಾದರು. ಮೂವರು ಹೆಣ್ಣುಮಕ್ಕಳು, ಒಬ್ಬ ಗಂಡುಮಗ. ಹಿರಿಯ ಮಗಳು ಮಾರ್ಗರೆಟ್. ಆರು ವರ್ಷದಲ್ಲೇ ಜೇನ್ ತೀರಿಕೊಂಡರು. ಎಳೆಯ ಮಕ್ಕಳನ್ನು ನೋಡಿಕೊಳ್ಳುವವರು ಬೇಕಲ್ಲ. ತಿಂಗಳು ತುಂಬುವುದರೊಳಗೆ ತಮಗಿಂತ ಹಿರಿಯರಾದ ಆಲಿಸ್ ಎಂಬ ವಿಧವೆಯನ್ನು ಮದುವೆಯಾದರು. ಆಲಿಸಮ್ಮನವರದು ಖಾರದ ನಾಲಿಗೆ, ಗಟ್ಟಿ ಸಂಸಾರ. ಗಂಡುಮಗನ ಹಾಗೆಯೇ ಹೆಣ್ಣುಮಕ್ಕಳಿಗೂ ಮನೆಯಲ್ಲಿ ಲತೀನ್, ಗ್ರೀಕ್ ಕಲಿಸಿದರು ಮೋರ್. ಐನೂರು ವರ್ಷಗಳ ಹಿಂದೆ ಅದು ಊರೆಲ್ಲ ಬೆರಗಾಗಿ ಮಾತಾಡಿಕೊಳ್ಳುವಂಥ ವಿಷಯ.

ಮಠವನ್ನು ಬಿಟ್ಟು ಬಂದರೂ ಅಲ್ಲಿಂದ ಒಂದನ್ನು ಜೊತೆಗೆ ತಂದರು. ಮೇಕೆಯ ಕೂದಲಿನಿಂದ ಮಾಡಿದ ಒರಟಾದ ಅಂಗಿ. ಒರಟು ಕಂಬಳಿಯನ್ನು ಬರಿಮೈಗೆ ಹೊದ್ದು ಮಲಗಿದವರಿಗೆ ಅದರ ಚುಚ್ಚು ಗೊತ್ತು, ಇದು ಅದಕ್ಕಿಂತ ಹೆಚ್ಚು. ಪಶ್ಚಾತ್ತಾಪದ ಗುರುತಾಗಿ ಅದನ್ನು ಒಳಗೆ ತೊಟ್ಟು ಮೇಲೆ ಎಲ್ಲರಂತೆ ಬಟ್ಟೆ ಹಾಕುತ್ತಿದ್ದರು. ಮನೆಯಲ್ಲಿ ಅದು ಗೊತ್ತಿದ್ದದ್ದು ಮಾರ್ಗರೆಟ್ ಒಬ್ಬಳಿಗೆ. ಅದನ್ನು ಗುಟ್ಟಾಗಿ ಒಗೆದು ಕೊಡುತ್ತಿದ್ದವಳೂ ಅವಳೇ. ಒಮ್ಮೆ ಬೇಸಿಗೆಯಲ್ಲಿ ಕೊರಳಪಟ್ಟಿ ಇಲ್ಲದೆ ಊಟಕ್ಕೆ ಕೂತಾಗ, ಮುಂದೆ ಸೊಸೆಯಾದ ಹುಡುಗಿಗೆ ಅಂಗಿಯ ಅಂಚು ಕಂಡು ಅವಳು ನಕ್ಕುಬಿಟ್ಟಳು. ಮಾರ್ಗರೆಟ್ ಸನ್ನೆ ಮಾಡಿದಳು, ಮೋರ್ ಸುಮ್ಮನೆ ಬಟ್ಟೆ ಸರಿಮಾಡಿಕೊಂಡರು. ಅವಳಿಗೆ ಕಂಡಿತಲ್ಲ ಎಂದು ಅವರಿಗೆ ಬೇಸರವಾಯಿತಂತೆ.

ವಕೀಲಿಕೆಯಲ್ಲಿ ಅವರು ಬೇಗ ಮೇಲೆ ಬಂದರು. 1510ರಲ್ಲಿ ಲಂಡನ್ ನಗರದ ಅಂಡರ್ ಶೆರೀಫ್, ಅಂದರೆ ನಗರದ ಜನರ ವ್ಯಾಜ್ಯಗಳನ್ನು ಕೇಳಿ ತೀರ್ಮಾನಿಸುವ ಅಧಿಕಾರಿ. ಬಡವರ ಮೊಕದ್ದಮೆಗಳಲ್ಲಿ ತಮಗೆ ಬರಬೇಕಾದ ಶುಲ್ಕವನ್ನೂ ಬಿಟ್ಟುಬಿಡುತ್ತಿದ್ದರು. 1516ರಲ್ಲಿ ಅವರ ‘ಯುಟೋಪಿಯ’ ಪುಸ್ತಕ ಲುವೆನ್ ನಗರದಲ್ಲಿ ಅಚ್ಚಾಗಿ ಯೂರೋಪೆಲ್ಲ ಹೆಸರಾಯಿತು. ಅರಸ ಎಂಟನೇ ಹೆನ್ರಿಗೆ ಇಂಥವರು ಬೇಕಿತ್ತು. ಅರಮನೆಯ ಸಭೆಗೆ ಕರೆಸಿಕೊಂಡ. 1523ರಲ್ಲಿ ಮೋರ್ ಸಂಸತ್ತಿನ ಕೆಳಮನೆಯ ಸಭಾಪತಿ. 1527ರಲ್ಲಿ ಹೋಲ್ಬೈನ್ ಎಂಬ ಜರ್ಮನ್ ಚಿತ್ರಕಾರ ಬರೆದ ಅವರ ಚಿತ್ರ ಇವತ್ತಿಗೂ ನ್ಯೂಯಾರ್ಕಿನಲ್ಲಿದೆ. ತುಪ್ಪಳದ ಅಂಚಿನ ನಿಲುವಂಗಿ, ಮಖಮಲ್ಲಿನ ಕೆಂಪು ತೋಳು, ಕೊರಳಲ್ಲಿ ‘ಎಸ್’ ಅಕ್ಷರಗಳನ್ನು ಕೊಂಡಿ ಹಾಕಿದಂತಿರುವ ಭಾರಿ ಚಿನ್ನದ ಸರ, ಅದರ ತುದಿಗೆ ಗುಲಾಬಿ ಹೂವಿನ ಪದಕ. ಗಡ್ಡವನ್ನು ಎರಡು ದಿನ ಕೆರೆಯದೆ ಬಿಟ್ಟಂತಿರುವ ಮುಖ, ನಿದ್ದೆ ಸಾಲದ ಕಣ್ಣು.

ಆ ಸರದ ಅರ್ಥ ತಿಳಿದುಕೊಳ್ಳಬೇಕು, ಏಕೆಂದರೆ ಮುಂದಿನದೆಲ್ಲ ಅದಕ್ಕೆ ಸೇರಿದ್ದು. ಅದು ಬರಿಯ ಒಡವೆಯಲ್ಲ. ಅರಸನ ಮನೆತನದ ಗುರುತು. ಅದನ್ನು ಹಾಕಿದವನು ಅರಸನ ಮನುಷ್ಯ ಎಂದು ಅರ್ಥ. ನ್ಯಾಯಾಧೀಶರ ನಿಲುವಂಗಿಯೂ ಮೂಲದಲ್ಲಿ ಹಾಗೆಯೇ. ಅದಕ್ಕೆ ಬೇಕಾದ ಬಟ್ಟೆ, ತುಪ್ಪಳಗಳನ್ನು ಅರಸನ ಉಗ್ರಾಣದಿಂದಲೇ ಕೊಡುತ್ತಿದ್ದರು. ದೊಡ್ಡ ಮನೆಯವರು ತಮ್ಮ ಆಳುಗಳಿಗೆ ವರ್ಷಕ್ಕೊಮ್ಮೆ ಬಟ್ಟೆ ಕೊಡುವ ಹಾಗೆ. ಹಾಗಾದರೆ ನಿಲುವಂಗಿ ಹೇಳುವುದೇನು? ಇಲ್ಲಿ ಕೂತು ತೀರ್ಪು ಕೊಡುತ್ತಿರುವವನು ತನ್ನ ಸ್ವಂತ ಇಷ್ಟಾನಿಷ್ಟದಿಂದ ಮಾತಾಡುತ್ತಿಲ್ಲ, ನಾಡಿನ ನ್ಯಾಯದ ಹೆಸರಿನಲ್ಲಿ ಮಾತಾಡುತ್ತಿದ್ದಾನೆ. ಅವನ ಜಾತಿ, ಮನೆ, ನೆಂಟಸ್ತಿಕೆ ಎಲ್ಲ ಆ ಬಟ್ಟೆಯೊಳಗೆ ಮರೆಯಾಗಬೇಕು. ಬಲಿಪೂಜೆಗೆ ಮುಂಚೆ ನಮ್ಮ ಗುರುಗಳು ಪೂಜಾವಸ್ತ್ರ ಧರಿಸುವುದನ್ನು ನೋಡಿರುತ್ತೀರಿ. ಪೀಠದ ಬಳಿ ನಿಂತವರು ಬರೀ ಇಂಥ ಊರಿನ ಇಂಥವರ ಮಗನಲ್ಲ. ಹಾಗೆಯೇ ಇದೂ. ಆಗಿನ ಹಿರಿಯ ವಕೀಲರೂ ನ್ಯಾಯಾಧೀಶರೂ ತಲೆಗೆ ಬಿಗಿಯಾದ ಬಿಳಿ ಕುಲಾವಿಯಂಥ ಟೋಪಿ ಹಾಕುತ್ತಿದ್ದರು. ಅರಸನ ಎದುರಿಗೂ ಅದನ್ನು ತೆಗೆಯಬೇಕಾಗಿರಲಿಲ್ಲ. ನ್ಯಾಯ ಅರಸನಿಗೂ ತಲೆಬಾಗುವುದಿಲ್ಲ ಎನ್ನುವುದನ್ನು ಆ ಟೋಪಿ ಹೇಳುತ್ತಿತ್ತು ಎಂದುಕೊಂಡರೆ, ನಿಲುವಂಗಿಯ ಬಟ್ಟೆ ಮಾತ್ರ ಅರಸನದೇ! ಈ ಇಕ್ಕಟ್ಟು ಮೋರ್ ಅವರ ಕೊರಳಿಗೇ ಬಂತು.

1529ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ ವೂಲ್ಸಿಯವರನ್ನು ತೆಗೆದುಹಾಕಿ ಅರಸ ಮೋರ್ ಅವರನ್ನು ಲಾರ್ಡ್ ಚಾನ್ಸಲರ್ ಮಾಡಿದ. ಅರಸನ ನಂತರ ನಾಡಿನಲ್ಲಿ ದೊಡ್ಡ ಪದವಿ ಅದು. ರಾಜಮುದ್ರೆ ಅವರ ಕೈಯಲ್ಲಿ, ಚಾನ್ಸರಿ ಎಂಬ ದೊಡ್ಡ ನ್ಯಾಯಾಲಯದ ಪೀಠವೂ ಅವರದೇ. ಇಬ್ಬರು ಡ್ಯೂಕ್‌ಗಳು ಅಕ್ಕಪಕ್ಕ ನಡೆದು ವೆಸ್ಟ್‌ಮಿನ್‌ಸ್ಟರ್ ಸಭಾಂಗಣದ ಉದ್ದಕ್ಕೂ ಅವರನ್ನು ಕರೆದುಕೊಂಡು ಹೋಗಿ ಪೀಠದಲ್ಲಿ ಕೂರಿಸಿದರು.

ಆ ಸಭಾಂಗಣದಲ್ಲಿ ಬೇರೆ ಬೇರೆ ನ್ಯಾಯಾಲಯಗಳು ಒಂದೇ ಸೂರಿನಡಿ ನಡೆಯುತ್ತಿದ್ದವು. ಮೋರ್ ಅವರ ಪೀಠದ ಹತ್ತಿರವೇ ಕಿಂಗ್ಸ್ ಬೆಂಚ್ ನ್ಯಾಯಾಲಯ. ಅಲ್ಲಿ ಕಡುಗೆಂಪು ನಿಲುವಂಗಿಯ ನ್ಯಾಯಾಧೀಶರಲ್ಲಿ ಒಬ್ಬರು ಇಳಿವಯಸ್ಸಿನ ಜಾನ್ ಮೋರ್, ಅವರ ಸ್ವಂತ ತಂದೆ. ಪದವಿಯಲ್ಲಿ ಮಗ ದೊಡ್ಡವನು. ಆದರೂ ಚಾನ್ಸಲರ್ ಉಡುಪಿನಲ್ಲಿ ತಮ್ಮ ಪೀಠಕ್ಕೆ ಹೋಗುವಾಗ, ತಂದೆ ಆಗಲೇ ಬಂದು ಕೂತಿದ್ದರೆ, ಅವರ ಮುಂದೆ ಮೊಣಕಾಲೂರಿ ಆಶೀರ್ವಾದ ಬೇಡಿಕೊಂಡೇ ಮುಂದೆ ಹೋಗುತ್ತಿದ್ದರು. ಸುತ್ತ ವಕೀಲರು, ಕಕ್ಷಿದಾರರು, ಗುಮಾಸ್ತರು ಎಲ್ಲ ನೋಡುತ್ತಿರುವಾಗಲೇ. ಮದುವೆಯ ದಿನ ಬಿಟ್ಟರೆ ನಾವು ಅಪ್ಪನ ಮುಂದೆ ಮೊಣಕಾಲೂರಿದ್ದು ಯಾವಾಗ ಎಂದು ನಮ್ಮ ಸಂಘದ ಸಭೆಯಲ್ಲಿ ಒಬ್ಬರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಆ ತಂದೆ 1530ರಲ್ಲಿ ತೀರಿಕೊಂಡರು. ಮುಂದೆ ಆದದ್ದನ್ನು ಅವರು ನೋಡಲಿಲ್ಲ.

ಮೋರ್ ನ್ಯಾಯ ಕೊಡುತ್ತಿದ್ದ ರೀತಿಯ ಬಗ್ಗೆ ಹೇಳದೆ ಹೋಗಲಾಗದು. ಚೆಲ್ಸಿಯಲ್ಲಿ ಥೇಮ್ಸ್ ನದಿಯ ದಡದಲ್ಲಿ ಅವರ ಮನೆ. ಮಧ್ಯಾಹ್ನದ ಮೇಲೆ ಅಲ್ಲಿನ ಹಜಾರದಲ್ಲಿ ಬಾಗಿಲು ತೆರೆದು ಕೂರುತ್ತಿದ್ದರು. ಯಾರು ಬೇಕಾದರೂ ಅಂಜದೆ ಬಂದು ಹೇಳಿಕೊಳ್ಳಬಹುದು. ಅರ್ಜಿಗಳನ್ನು ಗುಮಾಸ್ತರ ಕೈಗೆ ಬಿಡದೆ ತಾವೇ ಓದುತ್ತಿದ್ದರು. ಇಲ್ಲಿ ಒಂದು ಮಾತು ನಮ್ಮಂಥವರಿಗೆ ಬಹಳ ಹತ್ತಿರದ್ದು. ಆಗ ಇಂಗ್ಲೆಂಡಿನ ಉಳಿದ ದೊಡ್ಡ ನ್ಯಾಯಾಲಯಗಳಲ್ಲಿ ದಾಖಲೆ ಲತೀನಿನಲ್ಲಿ, ಕಾನೂನಿನ ಮಾತು ಒಂದು ಬಗೆಯ ಹಳೆಯ ಫ್ರೆಂಚಿನಲ್ಲಿ. ಜನರು ಮನೆಯಲ್ಲಿ ಆಡುತ್ತಿದ್ದದ್ದು ಇಂಗ್ಲಿಷ್. ಚಾನ್ಸರಿಯಲ್ಲಿ ಮಾತ್ರ ಅರ್ಜಿಯನ್ನು ಇಂಗ್ಲಿಷಿನಲ್ಲೇ ಕೊಡಬಹುದಿತ್ತು. ಮನೆಮಾತು ಕನ್ನಡ, ತಾಲೂಕು ಕಚೇರಿಯ ಕಾಗದ ತಮಿಳು, ಮೇಲಿನ ಕೋರ್ಟಿನ ತೀರ್ಪು ಇಂಗ್ಲಿಷ್ ಎಂದು ಬದುಕುವ ಗಡಿಯ ನಮ್ಮ ಜನಕ್ಕೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಜಮೀನಿನ ಕಾಗದವನ್ನು ಓದಲಾಗದೆ ಹೆಬ್ಬೆಟ್ಟು ಒತ್ತಿ ಬಂದ ಅಜ್ಜಂದಿರು ನಮ್ಮ ಮನೆಮನೆಯಲ್ಲಿದ್ದಾರೆ.

ಅವರ ನಿಷ್ಪಕ್ಷಪಾತದ ಕತೆಗಳು ಹಲವು. ಒಬ್ಬ ಅಳಿಯ ತಮಾಷೆಗೋ ನಿಜಕ್ಕೋ ಗೊಣಗಿದ, ಹಿಂದಿನ ಚಾನ್ಸಲರ್ ಕಾಲದಲ್ಲಿ ಬಾಗಿಲು ಕಾಯುವವರಿಗೂ ಕೈತುಂಬ ಸಿಗುತ್ತಿತ್ತು, ಈಗ ಅಳಿಯನಿಗೂ ಏನೂ ಗಿಟ್ಟುವುದಿಲ್ಲ ಎಂದು. ಅದಕ್ಕೆ ಮೋರ್ ಕೊಟ್ಟ ಉತ್ತರದ ಸಾರ ಇಷ್ಟು: ಒಂದು ಕಡೆ ತಮ್ಮ ತಂದೆ, ಇನ್ನೊಂದು ಕಡೆ ಸೈತಾನ ನಿಂತು, ಸೈತಾನನ ವಾದವೇ ಸರಿಯಿದ್ದರೆ, ತೀರ್ಪು ಸೈತಾನನಿಗೇ ಹೋಗುತ್ತದೆ. ಇನ್ನೊಬ್ಬ ಅಳಿಯ ಮಾವನೇ ನ್ಯಾಯಾಧೀಶರಲ್ಲವೇ ಎಂಬ ಧೈರ್ಯದಿಂದ ರಾಜಿಗೆ ಒಪ್ಪದೆ ಮೊಕದ್ದಮೆ ನಡೆಸಿ, ಮಾವನ ಕೈಯಲ್ಲೇ ಸೋತ. ಒಬ್ಬ ಹೆಂಗಸು ಹೊಸ ವರ್ಷದ ಕಾಣಿಕೆ ಎಂದು ಒಂದು ಜೊತೆ ಕೈಗವಸು ತಂದುಕೊಟ್ಟಳು, ಒಳಗೆ ನಲವತ್ತು ಪೌಂಡ್ ಹಣ. ಹೆಣ್ಣುಮಗಳ ಕಾಣಿಕೆಯನ್ನು ಬೇಡ ಎನ್ನುವುದು ಮರ್ಯಾದೆಯಲ್ಲವೆಂದು ಕೈಗವಸು ಇಟ್ಟುಕೊಂಡು ಹಣವನ್ನು ವಾಪಸು ಕೊಟ್ಟರು. ಒಂದು ದಿನ ಮೊಕದ್ದಮೆ ಮುಗಿಸಿ ಮುಂದಿನದನ್ನು ಕರೆಯಿರಿ ಎಂದಾಗ, ಮುಂದಿನದು ಇಲ್ಲವೇ ಇಲ್ಲ, ಎಲ್ಲ ತೀರಿದೆ ಎಂದರಂತೆ. ನಮ್ಮ ನ್ಯಾಯಾಲಯಗಳಲ್ಲಿ ಅಜ್ಜನ ಕಾಲದ ದಾವೆ ಮೊಮ್ಮಗನ ಕಾಲಕ್ಕೂ ನಡೆಯುವುದನ್ನು ನೋಡಿದವರಿಗೆ ಎಲ್ಲಕ್ಕಿಂತ ನಂಬಲು ಕಷ್ಟವಾಗುವುದು ಇದೇ.

ಇಂಥ ದೊಡ್ಡವರು ಭಾನುವಾರ ಚೆಲ್ಸಿಯ ಊರ ದೇವಾಲಯದಲ್ಲಿ ಗಾನವೃಂದದ ಜೊತೆ ನಿಂತು ಹಾಡುತ್ತಿದ್ದರು. ಒಮ್ಮೆ ನಾರ್ಫಕ್ ಪ್ರಾಂತದ ಡ್ಯೂಕ್ ಊಟಕ್ಕೆಂದು ಬಂದಾಗ ಚಾನ್ಸಲರ್ ನಮ್ಮ ಪೀಠಸೇವಕರು ತೊಡುವಂಥ ಬಿಳಿ ಸರ್ಪ್ಲಿಸ್ ತೊಟ್ಟು ಹಾಡುತ್ತಿದ್ದಾರೆ! ಡ್ಯೂಕನಿಗೆ ಸಿಟ್ಟು ಬಂತು. ಇದು ಅರಸನಿಗೂ ಪದವಿಗೂ ಅವಮಾನ ಎಂದ. ಅರಸನ ಒಡೆಯನಾದ ದೇವರ ಸೇವೆ ಮಾಡಿದರೆ ಅರಸನಿಗೆ ಅವಮಾನವಾಗಲಾರದು ಎಂದು ಮೋರ್ ನಯವಾಗಿ ತಿಳಿಸಿದರು. ಗಾನವೃಂದದಲ್ಲಿ ನಿಲ್ಲಲು ನಾಚುವ ನಮ್ಮ ಗಂಡುಹುಡುಗರು ಇದನ್ನು ಎರಡು ಸಲ ಓದಲಿ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಬರೆಯಬೇಕು. ಅವರು ಚಾನ್ಸಲರ್ ಆಗಿದ್ದ ಎರಡೂವರೆ ವರ್ಷಗಳಲ್ಲಿ ಆರು ಮಂದಿಯನ್ನು ಧರ್ಮವಿರೋಧಿಗಳೆಂದು ಸುಡಲಾಯಿತು. ಮೋರ್ ಅದನ್ನು ತಪ್ಪು ಎಂದುಕೊಳ್ಳಲಿಲ್ಲ, ಸರಿಯೆಂದೇ ವಾದಿಸಿ ಕಟುವಾದ ಪುಸ್ತಕಗಳನ್ನು ಬರೆದರು. ಆ ಕಾಲದ ಕಾನೂನು ಹಾಗಿತ್ತು ಎನ್ನಬಹುದು. ಆದರೂ ಮನಸ್ಸಾಕ್ಷಿಗಾಗಿ ಸತ್ತ ಸಂತರೇ ಬೇರೆಯವರ ಮನಸ್ಸಾಕ್ಷಿಗೆ ಅಷ್ಟು ಜಾಗ ಕೊಡಲಿಲ್ಲ ಎಂಬುದು ನಮ್ಮ ಮನಸ್ಸನ್ನು ಚುಚ್ಚುತ್ತದೆ. ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಸಾರಿದ ಜಗದ್ಗುರು ಎರಡನೇ ಜಾನ್ ಪಾಲರೂ ಅವರು ತಮ್ಮ ಕಾಲದ ಮಿತಿಗಳಿಗೆ ಒಳಪಟ್ಟಿದ್ದರೆಂದು ಆಗಲೇ ಒಪ್ಪಿಕೊಂಡಿದ್ದಾರೆ. ಸಂತರೆಂದರೆ ತಪ್ಪೇ ಮಾಡದವರು ಎಂದು ಧರ್ಮೋಪದೇಶದ ತರಗತಿಯಲ್ಲಿ ಹೇಳುವುದನ್ನು ನಾವು ಬಿಡಬೇಕು.

ಇನ್ನು ಅರಸನ ವಿಷಯ. ಹೆನ್ರಿಗೆ ಕ್ಯಾಥರೀನ್ ರಾಣಿಯಲ್ಲಿ ಉಳಿದದ್ದು ಮಗಳೊಬ್ಬಳೇ. ಗಂಡು ಸಂತಾನ ಬೇಕು, ಆನ್ ಬೊಲಿನ್ ಎಂಬಾಕೆಯನ್ನು ಮದುವೆಯಾಗಬೇಕು. ಮೊದಲ ಮದುವೆ ಮದುವೆಯೇ ಅಲ್ಲ ಎಂದು ಜಗದ್ಗುರುಗಳು ಸಾರಬೇಕೆಂದು ಕೇಳಿದ, ಅವರು ಒಪ್ಪಲಿಲ್ಲ. ಹಾಗಾದರೆ ಇಂಗ್ಲೆಂಡಿನ ಧರ್ಮಸಭೆಗೆ ತಾನೇ ತಲೆಯೆಂದು ಹೊರಟ. 1532ರ ಮೇ 15ರಂದು ನಾಡಿನ ಧರ್ಮಾಧ್ಯಕ್ಷರು, ಗುರುಗಳ ಸಭೆ ಅರಸನಿಗೆ ಶರಣಾಯಿತು. ಮರುದಿನವೇ ಮೋರ್ ಅರಮನೆಯ ತೋಟದಲ್ಲಿ ಅರಸನನ್ನು ಕಂಡು ರಾಜಮುದ್ರೆಯನ್ನು ಮರಳಿಸಿದರು. ಕಾರಣ ಕೇಳಿದವರಿಗೆ ಆರೋಗ್ಯ ಸರಿಯಿಲ್ಲ ಎಂದರು.

ಆಲಿಸಮ್ಮನವರಿಗೆ ಇದನ್ನು ಹೇಳಿದ್ದು ಹೇಗೆ ಗೊತ್ತೇ? ಬಲಿಪೂಜೆ ಮುಗಿದ ಮೇಲೆ ಚಾನ್ಸಲರ ಸೇವಕನೊಬ್ಬ ಆಕೆಯ ಆಸನದ ಬಳಿ ಬಂದು, ಒಡೆಯರು ಹೊರಟರು ಎಂದು ತಿಳಿಸುವುದು ವಾಡಿಕೆ. ಅಂದು ಮೋರ್ ತಾವೇ ಟೋಪಿ ಕೈಯಲ್ಲಿ ಹಿಡಿದು ಬಂದು, ಬಾಗಿ, ಅದೇ ಮಾತು ಹೇಳಿದರು. ಆಕೆಗೆ ಮೊದಲು ತಮಾಷೆ ಎನಿಸಿತು. ಆಮೇಲೆ ಅರ್ಥವಾಯಿತು. ಆದಾಯ ಹೋಯಿತು, ಆಳುಗಳನ್ನು ಬೇರೆ ಮನೆಗಳಿಗೆ ಸೇರಿಸಿದರು. ಮಕ್ಕಳನ್ನು ಕೂರಿಸಿಕೊಂಡು, ಊಟದ ಖರ್ಚನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸೋಣ, ಅದೂ ಸಾಲದಿದ್ದರೆ ಚೀಲ ಹಿಡಿದು ಮನೆಮನೆಯ ಮುಂದೆ ‘ಸಾಲ್ವೆ ರೆಜೀನಾ’ ಹಾಡುತ್ತಾ ಬೇಡೋಣ ಎಂದು ನಗುತ್ತಲೇ ತಿಳಿಸಿದರು.

1533ರ ಜೂನ್ 1ರಂದು ಆನ್ ರಾಣಿಯ ಕಿರೀಟಧಾರಣೆ. ಮೂವರು ಧರ್ಮಾಧ್ಯಕ್ಷರು ಮೋರ್ ಅವರಿಗೆ ಇಪ್ಪತ್ತು ಪೌಂಡ್ ಕಳಿಸಿ, ಒಂದು ಹೊಸ ನಿಲುವಂಗಿ ಹೊಲಿಸಿಕೊಂಡು ತಮ್ಮ ಜೊತೆ ಬರಬೇಕೆಂದು ಕೇಳಿದರು. ಮೋರ್ ಹಣ ಇಟ್ಟುಕೊಂಡರು, ಸಮಾರಂಭಕ್ಕೆ ಹೋಗಲಿಲ್ಲ. ಧರ್ಮಾಧ್ಯಕ್ಷರು ಎರಡು ಕೋರಿಕೆ ಮಾಡಿದ್ದರಲ್ಲ, ಅವರಿಗಿಂತ ತಾನು ಬಡವನಾದ್ದರಿಂದ ಒಂದನ್ನು ನಡೆಸಿಕೊಟ್ಟೆ ಎಂಬುದು ಅವರ ಲೆಕ್ಕ. ಆದರೆ ಅರಸನಿಗೆ ಆ ಖಾಲಿ ಜಾಗ ಕಾಣದೆ ಹೋಗಲಿಲ್ಲ. ಕೂಡಲೇ ಹಳೆಯ ತೀರ್ಪುಗಳನ್ನೆಲ್ಲ ಕೆದಕಿ ಲಂಚ ಹುಡುಕಿದರು. ಒಂದು ಮೊಕದ್ದಮೆ ಗೆದ್ದವನ ಹೆಂಡತಿಯಿಂದ ಚಿನ್ನದ ನೀರು ಹಾಕಿದ ಬಟ್ಟಲು ಪಡೆದರು ಎಂಬ ಆಪಾದನೆ ಬಂತು. ಪಡೆದದ್ದು ನಿಜ ಎಂದು ಮೋರ್ ಒಪ್ಪಿದಾಗ ಆನ್ ರಾಣಿಯ ತಂದೆ ಹಿಗ್ಗಿದ. ಮೋರ್ ಕತೆಯ ಉಳಿದರ್ಧ ಹೇಳಿದರು: ಅದೇ ಬಟ್ಟಲಿಗೆ ದ್ರಾಕ್ಷಾರಸ ತುಂಬಿಸಿ ಆಕೆಯ ಕ್ಷೇಮಕ್ಕೆಂದು ಕುಡಿದು, ಆಕೆಯ ಗಂಡನಿಗೆ ಹೊಸ ವರ್ಷದ ಉಡುಗೊರೆಯೆಂದು ಅಲ್ಲೇ ಮರಳಿಸಿದ್ದರು. ಆಪಾದನೆ ಬಿದ್ದುಹೋಯಿತು.

1534ರಲ್ಲಿ ಹೊಸ ಪ್ರತಿಜ್ಞೆ ಬಂತು. ಆನ್ ರಾಣಿಯ ಮಕ್ಕಳೇ ವಾರಸುದಾರರು ಎಂದು ಎಲ್ಲರೂ ಆಣೆಯಿಡಬೇಕು. ಅಷ್ಟೇ ಆಗಿದ್ದರೆ ಮೋರ್ ಒಪ್ಪುತ್ತಿದ್ದರು. ಕಿರೀಟ ಯಾರಿಗೆ ಎನ್ನುವುದನ್ನು ಸಂಸತ್ತು ತೀರ್ಮಾನಿಸಬಹುದು. ಆದರೆ ಆಣೆಯ ಮಾತುಗಳೊಳಗೆ ಜಗದ್ಗುರುಗಳ ಅಧಿಕಾರವನ್ನು ತಳ್ಳಿಹಾಕುವುದೂ ಸೇರಿತ್ತು. ಏಪ್ರಿಲ್ 13ರಂದು ಲ್ಯಾಂಬೆತ್ ಅರಮನೆಗೆ ಬರಬೇಕೆಂದು ಕರೆ ಬಂತು. ಬೆಳಿಗ್ಗೆ ದೇವಾಲಯಕ್ಕೆ ಹೋಗಿ ಪಾಪನಿವೇದನೆ ಮಾಡಿ, ಬಲಿಪೂಜೆಯಲ್ಲಿ ಭಾಗವಹಿಸಿದರು. ಎಂದಿನಂತೆ ಹೆಂಡತಿ ಮಕ್ಕಳು ದೋಣಿಯವರೆಗೆ ಬಂದು ಕಳಿಸಿಕೊಡಬೇಕು. ಅಂದು ತೋಟದ ಗೇಟನ್ನು ತಾವೇ ಎಳೆದು ಮುಚ್ಚಿ, ಅವರನ್ನೆಲ್ಲ ಒಳಗೇ ಬಿಟ್ಟು ಹೊರಟರು. ತಿರುಗಿ ಆ ಮನೆಗೆ ಬರಲಿಲ್ಲ.

ಅವರು ಆಣೆಯಿಡಲಿಲ್ಲ. ಯಾಕೆ ಎಂದೂ ಹೇಳಲಿಲ್ಲ. ಆಣೆಯಿಟ್ಟವರನ್ನು ತಪ್ಪುಗಾರರೆಂದೂ ಹೇಳಲಿಲ್ಲ. ನಾಲ್ಕು ದಿನದ ಮೇಲೆ ಲಂಡನ್ ಟವರ್ ಸೆರೆಮನೆಗೆ ಕಳಿಸಿದರು. ಹೋಗುವಾಗಲೂ ಕೊರಳಲ್ಲಿ ಚಿನ್ನದ ಸರ. ಕಾವಲಿನ ಅಧಿಕಾರಿ ಅದನ್ನು ಮನೆಗೆ ಕಳಿಸಿಬಿಡಿ ಎಂದಾಗ, ಯುದ್ಧದಲ್ಲಿ ಸೆರೆಸಿಕ್ಕ ಸರದಾರನಂತೆ, ಹಿಡಿದವರಿಗೆ ಒಂದಿಷ್ಟಾದರೂ ಲಾಭವಾಗಲಿ ಎಂದು ತೆಗೆಯಲಿಲ್ಲ. ಸೆರೆಮನೆಯ ಬಾಗಿಲಲ್ಲಿ ದ್ವಾರಪಾಲಕ ವಾಡಿಕೆಯಂತೆ ಮೇಲಿನ ಬಟ್ಟೆ ಕೇಳಿದ. ಮೋರ್ ಟೋಪಿ ತೆಗೆದು ಕೊಟ್ಟು, ಇದಕ್ಕಿಂತ ಒಳ್ಳೆಯದು ಇಲ್ಲವಲ್ಲ ಎಂದು ವಿಷಾದಿಸಿದರು. ಅವನು ನಗಲಿಲ್ಲ. ನಿಲುವಂಗಿಯನ್ನೇ ಬಿಚ್ಚಿಸಿಕೊಂಡ. ಒಳಗಿನ ಕೂದಲಿನ ಅಂಗಿ ಉಳಿಯಿತು, ಅದು ಯಾರಿಗೂ ಬೇಕಿರಲಿಲ್ಲ.

ಹದಿನಾಲ್ಕು ತಿಂಗಳಿಗೂ ಹೆಚ್ಚು ಕಾಲ ಆ ಕೋಣೆಯಲ್ಲಿ. ಆಲಿಸಮ್ಮ ಬಂದು ಬೈದರು: ಅಷ್ಟು ಒಳ್ಳೆಯ ಮನೆ, ತೋಟ, ಪುಸ್ತಕ ಬಿಟ್ಟು ಈ ಇಲಿ ಹೆಗ್ಗಣಗಳ ನಡುವೆ ಇರುವುದು ಯಾವ ಬುದ್ಧಿ? ನಮ್ಮ ಮನೆಗಳಲ್ಲಿ ಅಮ್ಮಂದಿರು ಬೈಯುವ ಹಾಗೆಯೇ. ಈ ಮನೆಯೂ ಸ್ವರ್ಗಕ್ಕೆ ಆ ಮನೆಯಷ್ಟೇ ಹತ್ತಿರ ಅಲ್ಲವೇ ಎಂದು ಅವರು ಕೇಳಿದರು. ಆಕೆಗೆ ಸಮಾಧಾನವಾಗಲಿಲ್ಲ. ನಮಗೆ ಆಕೆಯ ಮೇಲೆ ಸಿಟ್ಟು ಬರುವುದಿಲ್ಲ. ಗಂಡನ ಸೆರೆಮನೆಯ ಖರ್ಚಿಗೆ ತನ್ನ ಬಟ್ಟೆಗಳನ್ನು ಮಾರಿದವರು ಆಕೆಯೇ.

1535ರ ಮೇ 4ರಂದು ಮಾರ್ಗರೆಟ್ ಬಂದಿದ್ದಾಗ, ಕಿಟಕಿಯಲ್ಲಿ ಒಂದು ನೋಟ ಕಂಡಿತು. ಕಾರ್ತೂಸಿಯನ್ ಮಠದ ಸನ್ಯಾಸಿಗಳನ್ನು ತಮ್ಮ ಸನ್ಯಾಸ ಉಡುಪಿನಲ್ಲೇ ಕೊಲ್ಲಲು ಒಯ್ಯುತ್ತಿದ್ದರು. ಯೌವನದಲ್ಲಿ ಮೋರ್ ತೊಡದೆ ಬಿಟ್ಟುಬಂದ ಉಡುಪು ಅದು. ಮದುವೆಗೆ ಹೊರಟ ಮದುಮಕ್ಕಳ ಹಾಗೆ ಹೋಗುತ್ತಿದ್ದಾರೆ ನೋಡು ಎಂದು ಮಗಳಿಗೆ ತೋರಿಸಿದರು. ಅದೇ ತಿಂಗಳು ಜಗದ್ಗುರುಗಳು ಸೆರೆಯಲ್ಲಿದ್ದ ಧರ್ಮಾಧ್ಯಕ್ಷ ಜಾನ್ ಫಿಶರ್ ಅವರನ್ನು ಕಾರ್ಡಿನಲ್ ಮಾಡಿದರು. ಕೆಂಪು ಟೋಪಿ ಬರುವಷ್ಟರಲ್ಲಿ ಅದನ್ನಿಡಲು ತಲೆಯೇ ಇರುವುದಿಲ್ಲ ಎಂದು ಅರಸ ಗುಡುಗಿದ. ಜೂನ್ 22ರಂದು ಹಾಗೆಯೇ ಮಾಡಿದ.

ಜುಲೈ 1ರಂದು ಮೋರ್ ಅವರ ವಿಚಾರಣೆ, ಅದೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ. ಕೋಲೂರಿ ನಡೆದು ಬಂದ ಮೋರ್ ಅವರಿಗೆ ಕುರ್ಚಿ ಕೊಟ್ಟರು. ಎದುರಿಗೆ ಪೀಠದಲ್ಲಿ ಅವರ ನಂತರ ಚಾನ್ಸಲರ್ ಆದ ಆಡ್ಲಿ, ನ್ಯಾಯಾಧೀಶರು, ಇವರ ಜೊತೆಗೆ ಆನ್ ರಾಣಿಯ ತಂದೆ, ಸಹೋದರ, ಸೋದರಮಾವ. ನಿಲುವಂಗಿಯೊಳಗೆ ನೆಂಟಸ್ತಿಕೆ ಮರೆಯಾಗಬೇಕು ಎಂದು ಮೇಲೆ ಬರೆದೆವು. ಇಲ್ಲಿ ನೆಂಟರೇ ಬಂದು ಕೂತಿದ್ದರು. ತಾನು ಧರ್ಮಸಭೆಯ ತಲೆ ಎಂಬ ಅರಸನ ಬಿರುದನ್ನು ದುರುದ್ದೇಶದಿಂದ ಅಲ್ಲಗಳೆಯುವುದು ಹೊಸ ಕಾನೂನಿನ ಪ್ರಕಾರ ರಾಜದ್ರೋಹ. ತಾನು ಅಲ್ಲಗಳೆದಿಲ್ಲ, ಸುಮ್ಮನಿದ್ದೇನೆ, ಕಾನೂನಿನಲ್ಲಿ ಮೌನಕ್ಕೆ ಸಮ್ಮತಿ ಎಂದೇ ಅರ್ಥ ಎಂದು ಮೋರ್ ವಾದಿಸಿದರು. ಆಗ ರಿಚರ್ಡ್ ರಿಚ್ ಎಂಬ ಸರಕಾರಿ ವಕೀಲ, ಕೋಣೆಯಿಂದ ಪುಸ್ತಕಗಳನ್ನು ಒಯ್ಯಲು ಹೋದಾಗ ಮೋರ್ ತನ್ನೆದುರು ಅದನ್ನು ಬಾಯಿಬಿಟ್ಟು ಅಲ್ಲಗಳೆದರು ಎಂದು ಸಾಕ್ಷಿ ನುಡಿದ. ಅಲ್ಲೇ ಪುಸ್ತಕ ಕಟ್ಟುತ್ತಿದ್ದ ಇನ್ನಿಬ್ಬರನ್ನು ಕೇಳಿದರೆ, ನಮ್ಮ ಗಮನ ಆ ಕಡೆ ಇರಲಿಲ್ಲ ಎಂದರು. ರಿಚ್ ಹೇಳಿದ್ದು ಸತ್ಯವಾದರೆ ತನಗೆ ದೇವರ ಮುಖದರ್ಶನವೇ ಆಗದಿರಲಿ ಎಂದು ಮೋರ್ ಆಣೆಯಿಟ್ಟರು. ಆಣೆಯೊಂದನ್ನು ಇಡಲಾರದೆ ಜೀವ ಕೊಡಲು ನಿಂತವರು ಸುಳ್ಳಾಣೆ ಇಟ್ಟಾರೆಯೇ? ಜ್ಯೂರಿಯವರು ಕಾಲು ಗಂಟೆಯಲ್ಲಿ ತಪ್ಪಿತಸ್ಥ ಎಂದು ಮರಳಿದರು.

ಆಡ್ಲಿ ಅವಸರದಿಂದ ಶಿಕ್ಷೆ ಓದಲು ಶುರುಮಾಡಿದ. ಮೋರ್ ತಡೆದರು. ತಾನು ಆ ಕಡೆ ಕೂತಿದ್ದ ದಿನಗಳಲ್ಲಿ, ಶಿಕ್ಷೆ ಹೇಳುವ ಮೊದಲು ಕೈದಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳುವ ಪದ್ಧತಿ ಇತ್ತು ಎಂದು ನೆನಪಿಸಿದರು. ಇಡೀ ಕತೆಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಈ ಗಳಿಗೆ. ಅವರ ಮೈಮೇಲೆ ಸರವಿಲ್ಲ, ಅಧಿಕಾರದ ಉಡುಪಿಲ್ಲ. ಆದರೂ ಆ ಸಭಾಂಗಣದಲ್ಲಿ ನ್ಯಾಯದ ಕ್ರಮ ಏನೆಂದು ಗೊತ್ತಿದ್ದ ನ್ಯಾಯಾಧೀಶರು ಅವರೊಬ್ಬರೇ ಎನ್ನುವಂತಿತ್ತು. ಆಡ್ಲಿ ಕೇಳಲೇಬೇಕಾಯಿತು. ಆಗ ಮೋರ್ ತಿಂಗಳುಗಟ್ಟಲೆ ಕಾಪಾಡಿದ ಮೌನ ಮುರಿದು, ಸಾರ್ವತ್ರಿಕ ಧರ್ಮಸಭೆಯ ಕಾನೂನಿಗೆ ವಿರುದ್ಧವಾಗಿ ಒಂದು ನಾಡಿನ ಸಂಸತ್ತು ಇಂಥ ಕಾಯಿದೆ ಮಾಡಲಾಗದು ಎಂದು ಬಿಚ್ಚಿ ಹೇಳಿದರು. ಕೊನೆಗೆ, ಸಂತ ಸ್ತೇಫನರ ಕೊಲೆಗೆ ಸಮ್ಮತಿಸಿ ನಿಂತಿದ್ದ ಪೌಲರೂ ಆ ಸ್ತೇಫನರೂ ಈಗ ಸ್ವರ್ಗದಲ್ಲಿ ಗೆಳೆಯರಾಗಿರುವಂತೆ, ತಾವೂ ತಮ್ಮ ನ್ಯಾಯಾಧೀಶರೂ ಅಲ್ಲಿ ಸಂತೋಷದಿಂದ ಸೇರುವಂತಾಗಲಿ ಎಂದು ಪ್ರಾರ್ಥಿಸಿದರು.

ಸೆರೆಮನೆಗೆ ಮರಳುವಾಗ ನದಿಯ ಕಟ್ಟೆಯ ಮೇಲೆ ಮಾರ್ಗರೆಟ್ ಕಾದಿದ್ದಳು. ಮೊಣಕಾಲೂರಿ ತಂದೆಯ ಆಶೀರ್ವಾದ ಪಡೆದು, ಈಟಿ ಹಿಡಿದ ಕಾವಲುಗಾರರನ್ನು ಸರಿಸಿಕೊಂಡು ನುಗ್ಗಿ ಅವರ ಕೊರಳು ತಬ್ಬಿದಳು. ಬಿಟ್ಟು ಹೋದವಳು ತಡೆಯಲಾಗದೆ ಮತ್ತೆ ಓಡಿಬಂದು ತಬ್ಬಿದಳು. ಸುತ್ತಲಿದ್ದವರು ಅತ್ತರು.

ಜುಲೈ 5ರಂದು ಮೋರ್ ಕೂದಲಿನ ಅಂಗಿಯನ್ನು ತೆಗೆದು ಮಗಳಿಗೆ ಕಳಿಸಿದರು, ಇದ್ದಿಲಿನಿಂದ ಬರೆದ ಕೊನೆಯ ಪತ್ರದ ಜೊತೆ. ಮರುದಿನ ಬೆಳಿಗ್ಗೆ ತಮ್ಮಲ್ಲಿದ್ದ ಅತಿ ಒಳ್ಳೆಯ ರೇಷ್ಮೆ ನಿಲುವಂಗಿ ತೊಟ್ಟು ಸಿದ್ಧರಾದರು. ಸೆರೆಮನೆಯ ಅಧಿಕಾರಿ ಬೇಡ ಎಂದ, ಕೊಲ್ಲುವವನ ಪಾಲಾಗುವ ಬಟ್ಟೆ, ಅವನು ಯಃಕಶ್ಚಿತ್ ಮನುಷ್ಯ. ಈ ದಿನ ತನಗೆ ಇಷ್ಟು ದೊಡ್ಡ ಉಪಕಾರ ಮಾಡುವವನನ್ನು ಹಾಗೆ ಎಣಿಸಲಾರೆ, ಸಂತ ಸಿಪ್ರಿಯಾನರು ತಮ್ಮನ್ನು ಕೊಂದವನಿಗೆ ಚಿನ್ನದ ನಾಣ್ಯ ಕೊಡಲಿಲ್ಲವೇ ಎಂದು ಮೋರ್ ವಾದಿಸಿದರು. ಅಧಿಕಾರಿ ಬಿಡಲಿಲ್ಲ. ಗೆಳೆಯನ ಮಾತು ಮೀರಬಾರದೆಂದು ಒರಟು ಉಣ್ಣೆಯ ನಿಲುವಂಗಿಗೆ ಬದಲಾಯಿಸಿಕೊಂಡು, ಉಳಿದಿದ್ದ ಕೊಂಚ ಹಣದಲ್ಲಿ ಒಂದು ಚಿನ್ನದ ನಾಣ್ಯವನ್ನು ಅವನಿಗೆ ಕಳಿಸಿದರು. ಟವರ್ ಹಿಲ್ ಎಂಬಲ್ಲಿ, ಅರಸನ ಒಳ್ಳೆಯ ಸೇವಕನಾಗಿ, ಆದರೆ ಮೊದಲು ದೇವರ ಸೇವಕನಾಗಿ ಸಾಯುತ್ತಿದ್ದೇನೆಂದು ಜನರಿಗೆ ತಿಳಿಸಿ ತಲೆಯಿಟ್ಟರು. ಸೆರೆಯಲ್ಲಿ ಬೆಳೆದ ಗಡ್ಡವನ್ನು ಪಕ್ಕಕ್ಕೆ ಸರಿಸಿಕೊಂಡರಂತೆ, ಅದು ರಾಜದ್ರೋಹ ಮಾಡಿಲ್ಲ ಎಂದು.

ಲಂಡನ್ ಸೇತುವೆಯ ಮೇಲೆ ಸಿಕ್ಕಿಸಿದ್ದ ತಲೆಯನ್ನು ಮಾರ್ಗರೆಟ್ ಹೇಗೋ ಪಡೆದು ಕಾಪಾಡಿದಳು. ಅದು ಈಗ ಕ್ಯಾಂಟರ್ಬರಿಯ ಸಂತ ಡನ್‌ಸ್ಟನ್ ದೇವಾಲಯದಲ್ಲಿ, ಅವಳ ಗಂಡನ ಮನೆಯವರ ಸಮಾಧಿಯಲ್ಲಿದೆ. ಸರಿಯಾಗಿ ನಾನೂರು ವರ್ಷದ ಮೇಲೆ, 1935ರಲ್ಲಿ, ಜಗದ್ಗುರು ಹನ್ನೊಂದನೇ ಪಯಸ್ ಅವರು ಮೋರ್ ಮತ್ತು ಫಿಶರ್ ಇಬ್ಬರನ್ನೂ ಸಂತರೆಂದು ಸಾರಿದರು. ಜಗದ್ಗುರು ಎರಡನೇ ಜಾನ್ ಪಾಲರು ಮೋರ್ ಅವರನ್ನು ರಾಜಕಾರಣಿಗಳ, ಆಡಳಿತಗಾರರ ಪಾಲಕರಾಗಿ ಸಾರಿದ್ದು 2000ದ ಅಕ್ಟೋಬರ್ 31ರಂದು. ಅವರು ತೊಟ್ಟ ಅಧಿಕಾರದ ನಿಲುವಂಗಿಗಳಿಗೆ ಏನಾಯಿತೋ. ಒಳಗಿನ ಕೂದಲಿನ ಅಂಗಿ ಮಾತ್ರ ಕೈಯಿಂದ ಕೈಗೆ ಬಂದು ಇಂಗ್ಲೆಂಡಿನ ಡೆವನ್ ಪ್ರಾಂತದ ಬಕ್‌ಫಾಸ್ಟ್ ಮಠದಲ್ಲಿ ಇವತ್ತಿಗೂ ಇದೆ. ಭಕ್ತರು ಹೋಗಿ ನೋಡಬಹುದು.

ಜೂನ್ 22ಕ್ಕೆ ಹತ್ತಿರದ ಭಾನುವಾರ ಕನ್ನಡ ಬಲಿಪೂಜೆಯಲ್ಲಿ ನಮ್ಮ ಧರ್ಮಕೇಂದ್ರದ ವಕೀಲರು, ಕಾನೂನು ಓದುತ್ತಿರುವವರು, ಪಂಚಾಯಿತಿಯಲ್ಲೂ ಸರಕಾರಿ ಕಚೇರಿಗಳಲ್ಲೂ ಕೆಲಸ ಮಾಡುವವರಿಗಾಗಿ ವಿಶೇಷ ಪ್ರಾರ್ಥನೆ ಇರುತ್ತದೆ. ವಕೀಲರು ತಮ್ಮ ಗೌನನ್ನು ತಂದರೆ ಗುರುಗಳು ಆಶೀರ್ವದಿಸಿಕೊಡುತ್ತಾರೆ. ಇಡಲು ಪೀಠದ ಎಡಗಡೆ ಮೇಜು ಹಾಕಿರುತ್ತೇವೆ. ಗೌನುಗಳೆಲ್ಲ ಒಂದೇ ಥರ ಕಾಣುವುದರಿಂದ, ಕೊರಳಪಟ್ಟಿಯ ಒಳಗೆ ಚೀಟಿಯಲ್ಲಿ ಹೆಸರು ಬರೆದು ಪಿನ್ನು ಹಾಕಿ ತನ್ನಿ.